ಹಿತ್ತಿಲಲ್ಲಿ ನಾಲ್ಕು ಹೇಂಟೆ ಇವೆ, ಹುಂಜ ಬೇಕಾ?

ಮರಿ ಕೊಟ್ಟವರು ಐದೂ ಹೇಂಟೆಯೇ ಅಂದಿದ್ದರು. ನಾವೂ ನಂಬಿದೆವು. ಎಂಟನೇ ವಾರಕ್ಕೆ ಒಂದರ ಜುಟ್ಟು ಮಾತ್ರ ಉಳಿದವಕ್ಕಿಂತ ದಪ್ಪಗೆ, ಕೆಂಪಗೆ ಆಯಿತು. ಕಾಲೂ ದಪ್ಪ. ಮೂರು ತಿಂಗಳು ದಾಟಿದಾಗ ಬಾಲದ ಬುಡದಲ್ಲಿ ಚೂಪು ತುದಿಯ ಹೊಳೆಯುವ ಗರಿಗಳು ಇಳಿಬಿದ್ದವು. ಒಂದು ದಿನ ಇನ್ನೂ ಕತ್ತಲಿರುವಾಗಲೇ, ಶೀತವಾಗಿ ಗಂಟಲು ಕಟ್ಟಿದವರು ಕೂಗಿದ ಹಾಗೆ ಗೂಡಿನಿಂದ ಒಂದು ಒಡಕು ದನಿ ಬಂತು. ಅಲ್ಲಿಗೆ ಅನುಮಾನ ಮುಗಿಯಿತು.

ಎಷ್ಟೋ ಜನರ ಮನೆಗೆ ಹುಂಜ ಬರುವುದು ಹೀಗೇ. ಬೇಕು ಅಂತ ಯಾರೂ ತಂದಿರುವುದಿಲ್ಲ, ಬಂದುಬಿಟ್ಟಿರುತ್ತದೆ. ಆಮೇಲೆ ಮನೆಯಲ್ಲಿ ಚರ್ಚೆ ಶುರು: ಇಟ್ಟುಕೊಳ್ಳೋದಾ, ಯಾರಿಗಾದರೂ ಕೊಟ್ಟುಬಿಡೋದಾ? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಆರಕ್ಕಿಂತ ಕಡಿಮೆ ಹೇಂಟೆ ಇದ್ದು, ಮರಿ ಮಾಡಿಸುವ ಯೋಚನೆಯೂ ಇಲ್ಲದಿದ್ದರೆ ಹುಂಜ ಬೇಡ. ಅದಕ್ಕಿಂತ ಜಾಸ್ತಿ ಇದ್ದರೆ, ಅಥವಾ ಮರಿಯ ಆಸೆ ಇದ್ದರೆ, ಕೆಳಗಿನ ಹೆಜ್ಜೆಗಳನ್ನು ಒಂದೊಂದಾಗಿ ನೋಡಿಕೊಂಡು ಹೋಗಿ. ಎಲ್ಲಾದರೂ ಗಟ್ಟಿಯಾಗಿ "ಆಗಲ್ಲ" ಅನ್ನಿಸಿದರೆ ಮುಂದಿನದು ಓದುವ ಅಗತ್ಯವೇ ಇಲ್ಲ.

1. ಯಾಕೆ ಬೇಕು?

ಮೊಟ್ಟೆಗೋಸ್ಕರ ಅಂದರೆ ಹುಂಜ ಬೇಕಿಲ್ಲ. ಹುಂಜದ ಮುಖವನ್ನೇ ನೋಡದ ಹೇಂಟೆಯೂ ಅಷ್ಟೇ ಮೊಟ್ಟೆ ಇಡುತ್ತದೆ. ಹೊಟ್ಟೆಯೊಳಗೆ ಒಂದು ಮೊಟ್ಟೆ ತಯಾರಾಗಲು ಸುಮಾರು 24ರಿಂದ 26 ಗಂಟೆ ಹಿಡಿಯುತ್ತದೆ. ಮೊಟ್ಟೆ ಎಷ್ಟು ಬರುತ್ತದೆ ಅನ್ನುವುದು ತಳಿ, ವಯಸ್ಸು, ಮೇವು, ದಿನಕ್ಕೆ ಎಷ್ಟು ಗಂಟೆ ಬೆಳಕು ಸಿಗುತ್ತದೆ ಇಂಥವುಗಳ ಮೇಲೆ ನಿಂತಿದೆ. ಹುಂಜಕ್ಕೆ ಇದರಲ್ಲಿ ಪಾತ್ರವಿಲ್ಲ. ಹುಂಜ ಇರುವ ಗುಂಪಿನ ಮೊಟ್ಟೆಗೆ ರುಚಿ ಜಾಸ್ತಿ, ಸತ್ವ ಜಾಸ್ತಿ ಅನ್ನುವವರಿದ್ದಾರೆ. ಹಾಗೇನೂ ಇಲ್ಲ.

ಎದುರು ದಿಕ್ಕಿನ ಭಯವೂ ಇದೆ. ಹುಂಜ ಇದ್ದರೆ ಮೊಟ್ಟೆ ಒಡೆದಾಗ ಒಳಗೆ ಮರಿ ಇರುತ್ತದಾ? ಇರುವುದಿಲ್ಲ, ದಿನವೂ ತೆಗೆಯುತ್ತಿದ್ದರೆ. ಮರಿ ಬೆಳೆಯಬೇಕಾದರೆ ಮೊಟ್ಟೆಗೆ 37 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾವು ಬಿಡದೆ ಸಿಗಬೇಕು. ಸುಮಾರು 20 ಡಿಗ್ರಿಗಿಂತ ತಣ್ಣಗಿದ್ದರೆ ಬೆಳವಣಿಗೆ ನಿಂತೇ ಇರುತ್ತದೆ. ತೊಂದರೆ ಬರುವುದು ಸೆಕೆಯ ದಿನಗಳಲ್ಲಿ. ಮೂರು ದಿನ ಗೂಡಲ್ಲೇ ಬಿಟ್ಟ ಮೊಟ್ಟೆಯಲ್ಲಿ ಅರೆಬರೆ ಬೆಳವಣಿಗೆ ಶುರುವಾಗಿ ಅಷ್ಟಕ್ಕೇ ಕೆಟ್ಟುಹೋಗಬಹುದು. ಹಾಗಾಗಿ ಹುಂಜ ಇರುವ ಮನೆಯಲ್ಲಿ ದಿನಕ್ಕೆ ಎರಡು ಸಲ ಮೊಟ್ಟೆ ತೆಗೆಯುವ ಅಭ್ಯಾಸ ಒಳ್ಳೆಯದು.

ನಿಮ್ಮ ಮೊಟ್ಟೆ ಮರಿಯಾಗುವಂಥದ್ದೋ ಅಲ್ಲವೋ ತಿಳಿಯಬೇಕಾದರೆ ತಟ್ಟೆಗೆ ಒಡೆದು ಹಾಕಿ, ಹಳದಿಯ ಮೇಲಿನ ಬಿಳಿ ಚುಕ್ಕೆ ನೋಡಿ. ಹುಂಜದ ಸಂಗ ಇಲ್ಲದ ಮೊಟ್ಟೆಯಲ್ಲಿ ಅದು ಸಣ್ಣಗೆ, ಅಂಕುಡೊಂಕಾಗಿ ಇರುತ್ತದೆ. ಇದ್ದದ್ದರಲ್ಲಿ ಸ್ವಲ್ಪ ದೊಡ್ಡದಾಗಿ, ಬಳೆಯೊಳಗೆ ಬಳೆ ಇಟ್ಟ ಹಾಗೆ ದುಂಡಗೆ ಕಾಣುತ್ತದೆ. ಒಮ್ಮೊಮ್ಮೆ ಕಾಣುವ ರಕ್ತದ ಚುಕ್ಕೆಗೂ ಇದಕ್ಕೂ ಸಂಬಂಧವಿಲ್ಲ. ಅದು ಹುಂಜ ಇಲ್ಲದ ಮನೆಯಲ್ಲೂ ಬರುತ್ತದೆ.

ಇಷ್ಟಾದ ಮೇಲೆ ಹುಂಜ ಬೇಕು ಅನ್ನಲು ಉಳಿಯುವ ಕಾರಣ ಮೂರೇ: ಮರಿ ಬೇಕು, ಗುಂಪಿಗೊಬ್ಬ ಕಾವಲುಗಾರ ಬೇಕು, ಇಲ್ಲವೇ ಸುಮ್ನೆ ನೋಡೋಕೆ ಚೆಂದ. ಮೂರನೆಯದನ್ನೂ ನಾನು ಕಾರಣ ಅಂತಲೇ ಲೆಕ್ಕಕ್ಕೆ ಹಿಡಿಯುತ್ತೇನೆ.

2. ಹೇಂಟೆಗಳನ್ನು ಎಣಿಸಿ, ಬೆನ್ನು ಮುಟ್ಟಿ ನೋಡಿ

ಒಂದು ಹುಂಜಕ್ಕೆ ಎಂಟರಿಂದ ಹತ್ತು ಹೇಂಟೆ ಇರಬೇಕು. ಹಗುರ ಮೈಯ ಚುರುಕು ತಳಿಯಾದರೆ ಹನ್ನೆರಡಿದ್ದರೂ ನಡೆಯುತ್ತದೆ. ಇದು ಹುಂಜದ ಸುಖಕ್ಕೆ ಹೇಳುವ ಲೆಕ್ಕ ಅಲ್ಲ, ಹೇಂಟೆಗಳು ಬದುಕಿಕೊಳ್ಳಲಿ ಅಂತ ಹೇಳುವ ಲೆಕ್ಕ. ಒಂದು ಹುಂಜ ದಿನಕ್ಕೆ ಹತ್ತಾರು ಸಲ ಹೇಂಟೆಗಳ ಬೆನ್ನೇರುತ್ತದೆ. ಏರುವಾಗ ಕೊಕ್ಕಿನಲ್ಲಿ ಕತ್ತಿನ ಹಿಂದಿನ ಗರಿ ಕಚ್ಚಿ ಹಿಡಿಯುತ್ತದೆ, ಉಗುರನ್ನು ಬೆನ್ನಿಗೆ ಊರುತ್ತದೆ. ಹತ್ತು ಬೆನ್ನಿಗೆ ಹಂಚಿ ಹೋಗಬೇಕಾದದ್ದು ಮೂರು ಬೆನ್ನಿನ ಮೇಲೇ ಬಿದ್ದರೆ ಏನಾಗುತ್ತದೆ ಅಂತ ಊಹಿಸಿ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ.

ನಮ್ಮಲ್ಲಿ ಆಗಿದ್ದು ಇದೇ. ನಾಲ್ಕು ಹೇಂಟೆ, ಒಂದು ಹುಂಜ. ಹೊರಗಿನಿಂದ ನೋಡಿದರೆ ಎಲ್ಲ ಚೆನ್ನಾಗೇ ಇತ್ತು. ಒಂದು ರಾತ್ರಿ ಬೂದು ಬಣ್ಣದ ಹೇಂಟೆಯನ್ನು (ನಾವು ಕರೆಯುವುದು ಬೂದಿ ಅಂತ) ಗೂಡಿನಿಂದ ಎತ್ತಿ ಮಡಿಲಲ್ಲಿಟ್ಟುಕೊಂಡು, ಟಾರ್ಚ್ ಹಿಡಿದು ಕತ್ತಿನ ಹಿಂದಿನ ಗರಿ ಬಿಡಿಸಿದೆ. ಮೇಲಿನ ಗರಿಯ ಕೆಳಗೆ ಇನ್ನೊಂದು ಪದರ ಇರಬೇಕಿತ್ತು. ಅಲ್ಲಿ ಬೆರಳಿಗೆ ಸಿಕ್ಕಿದ್ದು ಬರೀ ಮುರಿದ ಗರಿಯ ಬುಡಗಳು, ಹಳೇ ಪೊರಕೆಯ ಕಡ್ಡಿಗಳ ಹಾಗೆ. ರೆಕ್ಕೆಯ ಬುಡದಲ್ಲಿ ಅಂಗೈ ಅಗಲ ಚರ್ಮ ಬರಿದಾಗಿ, ಕೆಂಪಗಾಗಿ, ಒಂದು ಕಡೆ ಗೀರು ಬಿದ್ದು ಒಣಗಿತ್ತು. ಉಳಿದ ಇಬ್ಬರದ್ದೂ ಹೆಚ್ಚುಕಮ್ಮಿ ಇದೇ ಕಥೆ. ನಾಲ್ಕನೆಯವಳ ಮೈಮೇಲೆ ಒಂದು ಗರಿಯೂ ಕದಲಿರಲಿಲ್ಲ. ಅವಳು ಜೋರು, ಹತ್ತಿರ ಬಂದರೆ ತಿರುಗಿ ಕುಟುಕುತ್ತಿದ್ದಳು. ಹುಂಜಗಳಿಗೆ ಮೆಚ್ಚಿನವರು ಅಂತ ಕೆಲವರಿರುತ್ತಾರೆ, ಪಾಪ, ಪೆಟ್ಟು ತಿನ್ನುವವರೂ ಅವರೇ.

ಹಗಲಲ್ಲಿ ಹೇಂಟೆಯ ಬೆನ್ನು ನೋಡಿ ತೀರ್ಮಾನ ಮಾಡಬೇಡಿ. ಮೇಲಿನ ಗರಿ ಮುಚ್ಚಿಬಿಡುತ್ತದೆ. ರಾತ್ರಿ ಹಿಡಿಯುವುದು ಸುಲಭ, ಕೋಳಿಗೆ ಕತ್ತಲಲ್ಲಿ ಕಣ್ಣು ಅಷ್ಟಾಗಿ ಕಾಣುವುದಿಲ್ಲ, ಒದ್ದಾಡುವುದಿಲ್ಲ. ತಿಂಗಳಿಗೊಮ್ಮೆ ಪ್ರತಿ ಹೇಂಟೆಯ ಕತ್ತಿನ ಹಿಂಭಾಗ, ರೆಕ್ಕೆಯ ಬುಡ, ರೆಕ್ಕೆಯ ಕೆಳಗಿನ ಪಕ್ಕೆ ಮೂರೂ ಮುಟ್ಟಿ ನೋಡಿ. ಪಕ್ಕೆಯ ಗಾಯ ಅಪಾಯದ್ದು, ಹುಂಜದ ಕಾಲಿನ ಮುಳ್ಳು ಅಲ್ಲಿ ಸೀಳಿದರೆ ಗರಿಯ ಮರೆಯಲ್ಲಿ ಕಾಣುವುದೇ ಇಲ್ಲ. ಬೆನ್ನಿಗೆ ಕಟ್ಟುವ ಬಟ್ಟೆಯ ಹೊದಿಕೆ ಇದೆ, ಗಾಯ ಮಾಯುವ ತನಕ ಉಪಯೋಗಕ್ಕೆ ಬರುತ್ತದೆ. ಅದನ್ನೇ ಕಾಯಂ ಪರಿಹಾರ ಅಂದುಕೊಳ್ಳಬೇಡಿ. ಅದರೊಳಗೆ ಹೇನು ಸೇರುತ್ತವೆ, ಸೆಕೆಯಾಗುತ್ತದೆ, ಮತ್ತು ಮೂಲ ತೊಂದರೆ ಹಾಗೇ ಉಳಿಯುತ್ತದೆ.

ಐದು ಹೇಂಟೆಯ ಜೊತೆಗೂ ಸಮಾಧಾನವಾಗಿ ಇರುವ ಹುಂಜಗಳಿಲ್ಲ ಅಂತಲ್ಲ. ಮೈ ಭಾರದ, ನಿಧಾನದ ತಳಿಗಳಲ್ಲಿ ಸಿಗುತ್ತವೆ. ಆದರೆ ನಿಮ್ಮದೂ ಅಂಥದ್ದೇ ಅಂತ ನಂಬಿ ಶುರು ಮಾಡಬೇಡಿ.

ಎರಡು ಹುಂಜ ಇಡೋದಾದರೆ? ಸಣ್ಣ ಗುಂಪಿಗೆ ಬೇಡವೇ ಬೇಡ.

3. ಪಕ್ಕದ ಮನೆಯ ಕಿಟಕಿ ಎಷ್ಟು ದೂರ?

ಹುಂಜ ಬೆಳಗಿನ ಜಾವ ಒಂದೇ ಸಲ ಕೂಗುತ್ತದೆ ಅಂದುಕೊಂಡವರು ಹುಂಜ ಸಾಕಿಲ್ಲ. ಬೆಳಿಗ್ಗೆ ಕೂಗುತ್ತದೆ, ಹೇಂಟೆ ಮೊಟ್ಟೆ ಇಟ್ಟು ಕೊಕ್ಕೊಕ್ಕೋ ಅಂದರೆ ಕೂಗುತ್ತದೆ, ಗೇಟಿನ ಸದ್ದಾದರೆ ಕೂಗುತ್ತದೆ, ದೂರದಲ್ಲಿ ಇನ್ನೊಂದು ಹುಂಜ ಕೂಗಿದರೆ ಉತ್ತರ ಕೊಡದೆ ಬಿಡುವುದೇ ಇಲ್ಲ.

ಬೆಳಗಿನ ಕೂಗಿಗೆ ಸೂರ್ಯ ಕಾರಣ ಅಲ್ಲ ಅನ್ನುವುದು ನನಗೆ ಇಷ್ಟವಾದ ಸಂಗತಿ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು ಹುಂಜಗಳನ್ನು ಹಗಲು ರಾತ್ರಿ ಒಂದೇ ಮಂದ ಬೆಳಕಿನಲ್ಲಿ ಇಟ್ಟು ನೋಡಿ 2013ರಲ್ಲಿ ಪ್ರಕಟಿಸಿದರು. ಬೆಳಗಾಗುವ ಸುಳಿವೇ ಇಲ್ಲದಿದ್ದರೂ ಅವು ಹೆಚ್ಚುಕಮ್ಮಿ 24 ಗಂಟೆಯ ಲೆಕ್ಕದಲ್ಲೇ ಕೂಗುತ್ತಿದ್ದವು. ಗಡಿಯಾರ ಮೈಯೊಳಗೇ ಇದೆ. ಅದೇ ಕೆಲಸ ಮುಂದುವರಿಸಿ 2015ರಲ್ಲಿ ಇನ್ನೊಂದು ತೋರಿಸಿದರು: ಒಂದೇ ಕಡೆ ಹಲವು ಹುಂಜಗಳಿದ್ದರೆ ಗುಂಪಿನ ಯಜಮಾನ ಮೊದಲು ಕೂಗುತ್ತದೆ, ಉಳಿದವು ತಮ್ಮ ತಮ್ಮ ಸ್ಥಾನದ ಪ್ರಕಾರ ಹಿಂದೆ.

ಇದನ್ನು ಯಾಕೆ ಹೇಳಿದೆ ಅಂದರೆ, ಗೂಡನ್ನು ಕತ್ತಲು ಮಾಡಿದರೆ ಹುಂಜ ಕೂಗಲ್ಲ ಅಂತ ಬಹಳ ಜನ ಸಲಹೆ ಕೊಡುತ್ತಾರೆ. ಕೂಗುತ್ತದೆ. ಕಿಟಕಿಗೆ ದಪ್ಪ ಪರದೆ ಹಾಕಿದರೆ, ಗೋಡೆ ದಪ್ಪ ಇದ್ದರೆ, ಸದ್ದು ಸ್ವಲ್ಪ ತಗ್ಗುತ್ತದೆ ಅಷ್ಟೆ. ಹಾಗಂತ ಗಾಳಿಯಾಡುವ ಜಾಗ ಮುಚ್ಚಿಬಿಡಬೇಡಿ, ಕೋಳಿಯ ಉಸಿರಾಟ ಬಹಳ ನಾಜೂಕು. ಕತ್ತಿಗೆ ಕಟ್ಟುವ, ಕೂಗು ತಡೆಯುವ ಪಟ್ಟಿಯೂ ಸಿಗುತ್ತದೆ. ಅದು ಕೂಗಿಗೆ ಬೇಕಾದ ಗಾಳಿಯನ್ನು ತಡೆದು ಕೆಲಸ ಮಾಡುವಂಥದ್ದು. ಸ್ವಲ್ಪ ಬಿಗಿಯಾದರೆ ಉಸಿರೇ ಕಟ್ಟುತ್ತದೆ, ಸಡಿಲವಾದರೆ ಕೊಕ್ಕು ಸಿಕ್ಕಿಕೊಳ್ಳುತ್ತದೆ. ನಾನಂತೂ ಕಟ್ಟಲ್ಲ. ಕೂಗು ಬೇಡದಿದ್ದರೆ ಹುಂಜ ಬೇಡ ಅಂತಲೇ ಅರ್ಥ.

ಸದ್ದು ಎಷ್ಟು ಅಂತ ಕೇಳಿದರೆ, ಬೆಲ್ಜಿಯಂನ ಸಂಶೋಧಕರು ಹುಂಜದ ಕಿವಿಯ ಹತ್ತಿರವೇ ಪುಟ್ಟ ಮೈಕ್ ಕಟ್ಟಿ ಅಳೆದಾಗ 100 ಡೆಸಿಬೆಲ್ ಸುಲಭವಾಗಿ ದಾಟಿತ್ತು. ಹುಂಜ ಕೊಕ್ಕು ಪೂರ್ತಿ ತೆರೆದಾಗ ಅದರ ಕಿವಿಯ ದಾರಿ ತಾನಾಗಿಯೇ ಮುಚ್ಚಿಕೊಳ್ಳುತ್ತದಂತೆ. ಅದಕ್ಕೆ ಆ ವ್ಯವಸ್ಥೆ ಇದೆ, ಪಕ್ಕದ ಮನೆಯವರಿಗಿಲ್ಲ. ನಮ್ಮ ಪಕ್ಕದವರು ಮೂರು ವಾರ ತಡೆದುಕೊಂಡು ಆಮೇಲೆ ಬೇಲಿ ಹತ್ತಿರ ಬಂದು, "ಏನ್ರೀ, ನಿಮ್ಮ ಹುಂಜಕ್ಕೆ ಒಂದು ಗಡಿಯಾರ ಕೊಡಿಸ್ರೀ" ಅಂದರು. ನಗುತ್ತಲೇ ಅಂದರು. ಆದರೆ ಕಣ್ಣು ಕೆಂಪಾಗಿದ್ದವು.

ಹಾಗಾಗಿ ಹುಂಜ ತರುವ ಮುಂಚೆಯೇ ಪಕ್ಕದವರ ಹತ್ತಿರ ಮಾತಾಡಿ. ರಾತ್ರಿ ಪಾಳಿ ಮಾಡುವವರು, ಎಳೇ ಮಗು, ಕಾಯಿಲೆಯವರು ಇದ್ದಾರಾ ಕೇಳಿ. ನೀವಿರುವ ಜಾಗದಲ್ಲಿ ಹುಂಜ ಸಾಕಲು ಅನುಮತಿ ಇದೆಯಾ ಅಂತ ಸ್ಥಳೀಯ ಆಡಳಿತದಲ್ಲಿ ವಿಚಾರಿಸಿ. ಕೆಲವು ಕಡೆ ಹೇಂಟೆಗೆ ಅಡ್ಡಿಯಿಲ್ಲ, ಹುಂಜಕ್ಕೆ ಮಾತ್ರ ಇದೆ. ಬಾಡಿಗೆ ಮನೆಯಾದರೆ ಕರಾರು ಪತ್ರ ಒಮ್ಮೆ ಓದಿಕೊಳ್ಳಿ.

4. ಹುಂಜದ ಗಂಡುಮಕ್ಕಳ ಗತಿ ಏನು?

ಮರಿ ಬೇಕು ಅಂತ ಹುಂಜ ಇಡುವವರು ಬಿಟ್ಟುಬಿಡುವ ಪ್ರಶ್ನೆ ಇದು. ಹತ್ತು ಮೊಟ್ಟೆ ಕಾವಿಗೆ ಇಟ್ಟು ಎಂಟು ಮರಿಯಾದವು ಅಂದುಕೊಳ್ಳಿ. ಸರಿಸುಮಾರು ಅರ್ಧ ಹುಂಜಗಳೇ. ಈಗ ಒಂದು ಹುಂಜದ ಜಾಗದಲ್ಲಿ ಐದು. ಐದಾರು ತಿಂಗಳಿಗೆ ಜಗಳ ಶುರು, ಕೂಗು ಐದು ಪಟ್ಟು, ಹೇಂಟೆಗಳ ಬೆನ್ನಿನ ಗತಿ ಕೇಳಬೇಡಿ.

ಅವನ್ನು ಕೊಯ್ದು ತಿನ್ನುತ್ತೀರಾ, ಮಾರುತ್ತೀರಾ, ಬೇರೆ ಗೂಡು ಕಟ್ಟಿ ಹುಂಜಗಳನ್ನಷ್ಟೇ ಒಟ್ಟಿಗೆ ಇಡುತ್ತೀರಾ? ಯಾವುದಾದರೂ ಸರಿ, ಉತ್ತರ ಮೊಟ್ಟೆ ಕಾವಿಗೆ ಇಡುವ ಮುಂಚೆ ಸಿದ್ಧ ಇರಬೇಕು. "ಯಾರಾದರೂ ತಗೊಂಡು ಹೋಗ್ತಾರೆ ಬಿಡಿ" ಅನ್ನುವುದು ಉತ್ತರ ಅಲ್ಲ. ಎಲ್ಲರ ಹತ್ತಿರವೂ ಹೆಚ್ಚುವರಿ ಹುಂಜ ಇರುತ್ತವೆ, ಹೇಂಟೆಗೆ ಮಾತ್ರ ಗಿರಾಕಿ.

ವರ್ಷಕ್ಕೊಮ್ಮೆ ನಾಲ್ಕು ಮರಿ ಸಾಕು ಅನ್ನುವವರಿಗೆ ಇನ್ನೊಂದು ದಾರಿ ಇದೆ, ನನಗೆ ಇದೇ ಇಷ್ಟ. ಹೇಂಟೆ ಕಾವಿಗೆ ಕೂತಾಗ, ಹುಂಜ ಇರುವವರ ಮನೆಯಿಂದ ಮೊಟ್ಟೆ ತಂದು ಕೆಳಗಿಡುವುದು. ಮೊಟ್ಟೆ ಒಂದು ವಾರದೊಳಗಿನದಾಗಿರಲಿ, ತೊಳೆದಿರಬಾರದು, ಫ್ರಿಜ್ಜಿನಲ್ಲಿ ಇಟ್ಟಿದ್ದಾಗಿರಬಾರದು. ಎಲ್ಲವನ್ನೂ ಒಂದೇ ದಿನ ಇಡಿ. 21 ದಿನಕ್ಕೆ ಮರಿ. ವರ್ಷವಿಡೀ ಹುಂಜಕ್ಕೆ ಮೇವು ಹಾಕುವ ಖರ್ಚಿಲ್ಲ, ಹೊಸ ರಕ್ತವೂ ಬರುತ್ತದೆ. ಗಂಡು ಮರಿಗಳ ಪ್ರಶ್ನೆ ಇಲ್ಲೂ ಇದೆ, ಆದರೆ ವರ್ಷಕ್ಕೆ ಒಂದೇ ಸಲ.

5. ಕಾವಲಿನ ಮಾತು

ಇಲ್ಲಿ ಹುಂಜದ ಪರವಾಗಿ ಮಾತಾಡಲೇಬೇಕು. ಒಳ್ಳೆಯ ಹುಂಜ ಇರುವ ಗುಂಪು ನೋಡುವುದಕ್ಕೇ ಬೇರೆ ಥರ. ನಮ್ಮವನು ತಿಪ್ಪೆ ಕೆದಕುತ್ತಾ ಒಂದು ದಪ್ಪ ಹುಳ ಕಂಡರೆ ನುಂಗುತ್ತಿರಲಿಲ್ಲ. ಕೊಕ್ಕಿನಲ್ಲಿ ಎತ್ತಿ, ಬೀಳಿಸಿ, ಮತ್ತೆ ಎತ್ತಿ, ಬೀಳಿಸಿ, ಜೊತೆಗೇ "ಟುಕ್ ಟುಕ್ ಟುಕ್" ಅಂತ ಕರೆಯುತ್ತಿದ್ದ. ಹೇಂಟೆಗಳು ಹಿತ್ತಿಲ ಆ ತುದಿಯಿಂದ ರೆಕ್ಕೆ ಬಿಚ್ಚಿಕೊಂಡು ಓಡಿ ಬರುವವು. ಹುಳ ಬೂದಿಯ ಬಾಯಿಗೆ ಹೋಗುವುದು, ಇವನು ಖಾಲಿ ನೆಲ ಕುಟುಕಿ ಮುಂದೆ ಹೋಗುವುದು. ಒಂದೊಂದು ಸಲ ಬಾಯಲ್ಲಿ ಏನೂ ಇರುತ್ತಿರಲಿಲ್ಲ, ಸುಮ್ನೆ ಕರೆಯುತ್ತಿದ್ದ. ಹುಂಜಗಳು ಹಾಗೆ ಮೋಸವನ್ನೂ ಮಾಡುತ್ತವೆ. ಹೇಂಟೆಗಳಿಗೂ ನಾಲ್ಕು ಸಲ ಮೋಸ ಹೋದ ಮೇಲೆ ಗೊತ್ತಾಗುತ್ತದೆ.

ಅಪಾಯ ಕಂಡಾಗಲೂ ಒಂದೇ ಕೂಗಲ್ಲ. ಆಕಾಶದಲ್ಲಿ ಹದ್ದು ಕಂಡರೆ ಎಳೆದು ಬಿಟ್ಟ ತೆಳು ಸಿಳ್ಳೆಯಂಥ ದನಿ, ಎಲ್ಲ ಹೇಂಟೆಗಳೂ ಗಿಡದ ಕೆಳಗೆ ಮಾಯ. ನೆಲದಲ್ಲಿ ನಾಯಿ ಅಥವಾ ಬೆಕ್ಕು ಕಂಡರೆ "ಕೊಟ್ ಕೊಟ್ ಕೊಟ್" ಅಂತ ಬಿಡದೆ ಗಲಾಟೆ, ಎಲ್ಲರೂ ಕತ್ತೆತ್ತಿ ಅತ್ತ ನೋಡುತ್ತಾರೆ. ಹೇಂಟೆಗಳ ನಡುವಿನ ಸಣ್ಣಪುಟ್ಟ ಜಗಳಕ್ಕೂ ನಡುವೆ ಹೋಗಿ ನಿಲ್ಲುತ್ತದೆ.

ಆದರೆ ಕಾವಲು ಅಂದರೆ ಎಚ್ಚರಿಕೆ ಕೊಡುವುದು ಅಂತ ತಿಳಿಯಿರಿ, ನಾಯಿಯ ಜೊತೆ ಹೋರಾಡಿ ಗೆಲ್ಲುವುದು ಅಂತಲ್ಲ. ಹೋರಾಡಿದರೆ ಮೊದಲು ಸಾಯುವುದು ಹುಂಜವೇ. ರಾತ್ರಿಯಂತೂ ಅದಕ್ಕೂ ಕಣ್ಣು ಕಾಣುವುದಿಲ್ಲ, ಹೇಂಟೆಗಳ ಪಕ್ಕದಲ್ಲೇ ಕೂತು ತೂಕಡಿಸುತ್ತದೆ. ಗೂಡಿನ ಬಾಗಿಲಿಗೆ ಗಟ್ಟಿ ಚಿಲಕ, ಸಣ್ಣ ಕಣ್ಣಿನ ಗಟ್ಟಿ ತಂತಿಬಲೆ, ಇವೆರಡೂ ಮಾಡುವ ಕೆಲಸವನ್ನು ಹತ್ತು ಹುಂಜ ಮಾಡಲಾರವು. ಕೋಳಿಗಳು ಹಗಲೆಲ್ಲ ಬಲೆಯೊಳಗೇ ಇರುವುದಾದರೆ ಕಾವಲುಗಾರನಿಗೆ ಹೆಚ್ಚು ಕೆಲಸವೂ ಇಲ್ಲ.

6. ಇಡೋಣ ಅಂತಾದರೆ, ಆರಿಸಿ ತನ್ನಿ

ಮರಿ ತರಬೇಡಿ, ವರ್ಷ ತುಂಬಿದ ಹುಂಜ ತನ್ನಿ. ಮರಿಯಾಗಿದ್ದಾಗ ಎಲ್ಲವೂ ಸಾಧು. ಸ್ವಭಾವ ಬಯಲಾಗುವುದು ಆರೇಳು ತಿಂಗಳ ಮೇಲೆ. ಯಾರ ಮನೆಯಲ್ಲಿದೆಯೋ ಅಲ್ಲಿಗೇ ಹೋಗಿ, ಗುಂಪಿನ ನಡುವೆ ಅರ್ಧ ಗಂಟೆ ನಿಂತು ನೋಡಿ. ಹೇಂಟೆಗಳು ಅದರ ಹತ್ತಿರ ಆರಾಮಾಗಿ ಮೇಯುತ್ತಿವೆಯಾ, ಕಂಡರೆ ಓಡುತ್ತಿವೆಯಾ? ಮೇವು ಹಾಕಿದಾಗ ಕರೆಯುತ್ತದಾ, ತಾನೇ ಮುಕ್ಕುತ್ತದಾ? ಮನೆಯವರು ನಡೆದಾಗ ದಾರಿ ಬಿಡುತ್ತದಾ, ರೆಕ್ಕೆ ಇಳಿಸಿಕೊಂಡು ಅಡ್ಡಡ್ಡ ಬರುತ್ತದಾ? ಈ ಕೊನೆಯದು ಕಂಡರೆ ಬಣ್ಣ ಎಷ್ಟೇ ಚೆನ್ನಾಗಿರಲಿ, ಬಿಟ್ಟು ಬನ್ನಿ. ಜಗಳಗಂಟ ಸ್ವಭಾವ ಮರಿಗಳಿಗೂ ಇಳಿಯುವ ಸಾಧ್ಯತೆ ಇದೆ.

ಮನೆಗೆ ತಂದ ಮೇಲೆ ಮೂರು ನಾಲ್ಕು ವಾರ ಬೇರೆ ಗೂಡು, ಬೇರೆ ನೀರು, ಬೇರೆ ತಟ್ಟೆ. ನೀವೂ ಮೊದಲು ನಿಮ್ಮ ಹೇಂಟೆಗಳ ಕೆಲಸ ಮುಗಿಸಿ, ಕೊನೆಗೆ ಹೊಸಬನ ಹತ್ತಿರ ಹೋಗಿ. ಸೀನು, ಗೊರಗೊರ ಉಸಿರು, ಕಣ್ಣಲ್ಲಿ ನೊರೆ, ಹಸಿರು ಬೇಧಿ ಯಾವುದಾದರೂ ಕಂಡರೆ ಗುಂಪಿಗೆ ಬಿಡಬೇಡಿ, ಪಶುವೈದ್ಯರಿಗೆ ತೋರಿಸಿ. ಗುದದ ಸುತ್ತಲಿನ ಗರಿ ಬಿಡಿಸಿ ಹೇನು ಇವೆಯಾ ನೋಡಿ.

7. ಜೊತೆಗೆ ಬಾಳುವಾಗ

ಮೇವಿನದ್ದು ಒಂದು ಸಣ್ಣ ತೊಡಕು. ಮೊಟ್ಟೆಕೋಳಿಯ ಮೇವಿನಲ್ಲಿ ಸುಮಾರು ಶೇ 3.5ರಿಂದ 4ರಷ್ಟು ಸುಣ್ಣದಂಶ ಇರುತ್ತದೆ. ಹುಂಜಕ್ಕೆ ಶೇ 1 ಸಾಕು. ವರ್ಷಗಟ್ಟಲೆ ಅದನ್ನೇ ತಿಂದರೆ ಮೂತ್ರಪಿಂಡಕ್ಕೆ ಭಾರ. ಇಡೀ ಗುಂಪಿಗೆ ಬೆಳೆಯುವ ಕೋಳಿಯ ಮೇವು ಹಾಕಿ, ಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿಟ್ಟರೆ ಮುಗಿಯಿತು. ಬೇಕಾದ ಹೇಂಟೆ ತಾನೇ ಹೋಗಿ ತಿನ್ನುತ್ತದೆ.

ಹುಂಜ ಮೈಮೇಲೆ ಬರಲು ಶುರು ಮಾಡಿದರೆ ಒದೆಯಬೇಡಿ, ಓಡಲೂ ಬೇಡಿ. ಒದ್ದರೆ ಅದು ಹೋರಾಟಕ್ಕೆ ಕರೆದ ಹಾಗೆ, ಓಡಿದರೆ ಅದು ಗೆದ್ದ ಹಾಗೆ. ದಪ್ಪ ಬೂಟು ಹಾಕಿಕೊಂಡು, ಒಂದು ಬಕೆಟ್ಟೋ ಹಲಗೆಯೋ ನಡುವೆ ಹಿಡಿದು, ನಿಮ್ಮ ಪಾಡಿಗೆ ಕೆಲಸ ಮಾಡಿ. ಅದರ ಕಣ್ಣೆದುರು ಹೇಂಟೆಗಳನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯಬೇಡಿ. ಕೆಲವು ತಿಂಗಳಲ್ಲಿ ತಣ್ಣಗಾಗುವವೂ ಇವೆ, ಆಗದವೂ ಇವೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕಾದು ನೋಡುವ ಮಾತೇ ಬೇಡ. ಹುಂಜ ಹಾರಿದರೆ ಮುಳ್ಳು ತಾಗುವುದು ನಮ್ಮ ಮೊಣಕಾಲಿಗೆ, ಮಗುವಿಗಾದರೆ ಮುಖಕ್ಕೆ. ಮುಳ್ಳಿನ ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡಬಹುದು. ಆದರೆ ಒಳಗೆ ಎಲುಬು, ರಕ್ತ ಇದೆ, ತುದಿಯಷ್ಟೇ ಮುಟ್ಟಿ.

8. ಮೂರು ತಿಂಗಳು ನೋಡಿ, ಆಮೇಲೆ ಗಟ್ಟಿ ಮಾಡಿ

ಕ್ಯಾಲೆಂಡರಿನಲ್ಲಿ ಒಂದು ದಿನಕ್ಕೆ ಗುರುತು ಹಾಕಿ. ಅವತ್ತು ಹೇಂಟೆಗಳ ಬೆನ್ನು, ಪಕ್ಕದವರ ಮುಖ, ನಿಮ್ಮ ನಿದ್ದೆ ಮೂರನ್ನೂ ನೋಡಿ ತೀರ್ಮಾನ ಮಾಡಿ. ಕೊಡುವುದಾದರೆ ಅದರ ಗುಣದೋಷ ಮುಚ್ಚಿಡದೆ ಹೇಳಿ ಕೊಡಿ. ಹಾಯುವ ಹುಂಜವನ್ನು ಸಾಧು ಅಂತ ಹೇಳಿ ಕೊಟ್ಟರೆ ಯಾರದೋ ಮಗುವಿನ ಕೆನ್ನೆ ಹರಿಯುತ್ತದೆ.

ನಮ್ಮವನನ್ನು ಹದಿನಾಲ್ಕು ಹೇಂಟೆ ಇರುವ ಮನೆಯವರು ತೆಗೆದುಕೊಂಡು ಹೋದರು. ಅಲ್ಲಿ ಚೆನ್ನಾಗಿದ್ದಾನಂತೆ. ನಮ್ಮ ಹೇಂಟೆಗಳ ಬೆನ್ನಿಗೆ ಮುಂದಿನ ಸಲ ಗರಿ ಉದುರಿ ಹುಟ್ಟುವ ತನಕ ಹೊಸ ಗರಿ ಬರಲಿಲ್ಲ. ಮುರಿದ ಬುಡ ಉದುರಿದ ಮೇಲೆಯೇ ಹೊಸದು ಬರುವುದು, ಅವಸರ ಮಾಡಿ ಪ್ರಯೋಜನ ಇಲ್ಲ.

ಇನ್ನೊಂದು ವಿಷಯ. ಹುಂಜ ಹೋದ ತಕ್ಷಣ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಹೇಂಟೆ ತನ್ನ ಮೈಯೊಳಗೆ ವೀರ್ಯವನ್ನು ಎರಡು ಮೂರು ವಾರ ಉಳಿಸಿಕೊಳ್ಳುತ್ತದೆ, ಅಲ್ಲಿಯ ತನಕ ಇಡುವ ಮೊಟ್ಟೆ ಮರಿಯಾಗಬಹುದು. ಅವನು ಹೋದ ವಾರದಲ್ಲೇ ಬೂದಿ ಕಾವಿಗೆ ಕೂತಳು. ಪರೀಕ್ಷೆ ಮಾಡೋಣ ಅಂತ ಕೆಳಗೆ ಐದು ಮೊಟ್ಟೆ ಬಿಟ್ಟೆ. ನಾಲ್ಕು ಒಡೆದವು. ಮರಿಗಳಿಗೆ ಈಗ ಏಳು ವಾರ. ಒಂದರ ಜುಟ್ಟು ಸ್ವಲ್ಪ ಜಾಸ್ತಿನೇ ಕೆಂಪಗಿದೆ.